ಮುನಿಯಕ್ಕನ ಜೀವನಚರಿತ್ರೆ ಓದಿದ ಭಾನುವಾರ

ಮಲ್ಲೇಶ್ವರ, ಬೆಂಗಳೂರು
೧೨ ಫೆಬ್ರುವರಿ ೧೯೯೮

ಮುದ್ದು ಆರಾಧನಾ,

ಅಲ್ಲಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಕಷಾಯದ ಪುಡಿ ಮುಗಿದಿದ್ದರೆ ಬರೆ, ಕಳಿಸುತ್ತೇನೆ. ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ನನ್ನ ಮಂಡಿನೋವು ಇದ್ದಷ್ಟೇ ಇದೆ. ಅದರ ಜೊತೆ ರಾಜಿ ಮಾಡಿಕೊಂಡಿದ್ದೇನೆ.

ಜರ್ಮನಿಯ ಆ ಹೆರ್ನ್‌ಹೂಟ್‌ನಿಂದ ನೀನು ಬರೆದ ಕಾಗದವನ್ನು ನಾಲ್ಕು ಸಲ ಓದಿದೆ. ಮತದ ಕಾರಣಕ್ಕೆ ಊರು ಬಿಟ್ಟು ಬಂದವರು ಕೂಡಿ ಕಟ್ಟಿದ ಹಳ್ಳಿ. ಬಡವ ಬಲ್ಲಿದ ಎನ್ನದೆ ಎಲ್ಲರ ಗೋರಿಗೂ ಒಂದೇ ಥರದ ಚಪ್ಪಡಿ. ಪ್ರತಿಯೊಬ್ಬರೂ ಬರೆದಿಟ್ಟ ಬದುಕಿನ ಕಥೆಯನ್ನು ಮಣ್ಣು ಮಾಡುವ ದಿನ ಎಲ್ಲರೆದುರು ಓದುವ ಪದ್ಧತಿ. ಕಮ್ಮಾರನದು, ಅಡುಗೆಯವಳದು ಕೂಡ ನೀನು ಕೆಲಸ ಮಾಡುವ ಸಂಗ್ರಹದಲ್ಲಿ ಜೋಪಾನವಾಗಿವೆಯಂತಲ್ಲ! ನೀನು ಜರ್ಮನ್ ಕಲಿತದ್ದು ಸಾರ್ಥಕ ಕಣೇ.

ಶ್ರೀರಾಂಪುರದಿಂದ ಸೊಪ್ಪು ತರುವ ಮುನಿಯಕ್ಕನಿಗೂ ಅದನ್ನು ಓದಿ ಹೇಳಿದೆ. ಬುಟ್ಟಿ ಇಳಿಸಿ ಕೇಳಿದವಳು, "ನಂದೂ ಬರ್ದುಕೊಡಿ ಅಮ್ಮಾವ್ರೆ. ಆದ್ರೆ ಸತ್ಮೇಲೆ ಓದಿದ್ರೆ ನಂಗೇನ್ ಕೇಳ್ಸುತ್ತೆ? ಇದ್ದಾಗ್ಲೇ ಓದಿ" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಕೊಟ್ಟವಳು ಈಗ ನಾನೇ ಬರೆದುಕೊಳ್ಳಲು ಕೂತೆ. ಹತ್ತು ಮಧ್ಯಾಹ್ನ ಹಿಡಿಯಿತು. ಹೊಸಕೋಟೆ ಕಡೆಯ ಹಳ್ಳಿ, ಹದಿಮೂರಕ್ಕೆ ಮದುವೆ, ಗಂಡ ಹೋದ ಮೇಲೆ ಬುಟ್ಟಿ ಹೊತ್ತು ಮೂರು ಮಕ್ಕಳನ್ನು ಓದಿಸಿದ್ದು. ಒಂಬತ್ತನೆಯ ದಿನ ಅವಳು ಹೇಳಿದ ಒಂದು ಮಾತಿಗೆ ನನ್ನ ಪೆನ್ನು ನಿಂತಿತು. ಆದರೂ ಬರೆದುಕೊಂಡೆ.

ಕಳೆದ ಭಾನುವಾರ ನಮ್ಮ ನಡುಮನೆಯಲ್ಲೇ ಓದಿದೆ. ಅವಳ ಸೊಸೆ ಯಶಶ್ರೀ, ಮೊಮ್ಮಕ್ಕಳು, ಬೀದಿಯ ಏಳೆಂಟು ಹೆಂಗಸರು, ನಿನ್ನ ಅಮ್ಮ ಎಲ್ಲರೂ ಇದ್ದರು. ಒಂಬತ್ತನೆಯ ದಿನದ, ನನ್ನ ಹೆಸರಿರುವ ಆ ಸಾಲು ಬಂತು. "ಚೂಡಾಮಣಮ್ಮನ ಮನೇಲಿ ಇಪ್ಪತ್ತೆಂಟ್ ವರ್ಸ ಕಾಫಿ ಕುಡ್ದೆ. ಕಾಫಿ ಚೆನ್ನಾಗಿರ್ತಿತ್ತು. ಲೋಟ ಬೇರೆ ಇತ್ತು. ಹಿತ್ಲು ಮೆಟ್ಲಲ್ಲಿ ಕುಡ್ದು, ತೊಳ್ದು, ಕವುಚಿಟ್ಟು ಹೋಗ್ತಿದ್ದೆ." ಹಾರಿಸಿದ್ದರೆ ಅವಳೊಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವಳಂತೂ ಬಾಯಿ ಬಿಡುವವಳಲ್ಲ. ಒಂದಕ್ಷರ ಬಿಡದೆ ಓದಿದೆ. ಮುನಿಯಕ್ಕನೇ, "ಮುಂದಕ್ಕೆ ಓದಿ ಅಮ್ಮಾವ್ರೆ, ನನ್ ಮಗಳ ಮದ್ವೆ ಇನ್ನೂ ಬಂದಿಲ್ಲ" ಎಂದಳು.

ಮುಗಿದಾಗ ಯಶಶ್ರೀ ಅವಳ ಕೈ ಹಿಡಿದು, "ಇಷ್ಟೆಲ್ಲ ನಮ್ಗೆ ಹೇಳೇ ಇಲ್ವಲ್ಲ ಅತ್ತೆ" ಎಂದು ಅತ್ತಳು. ಆಮೇಲೆ ಮುನಿಯಕ್ಕ ನಿನ್ನ ತಾತನ ಕುರ್ಚಿಯಲ್ಲಿ ಕೂತು ನಮ್ಮೆಲ್ಲರ ಜೊತೆ ಕಾಫಿ ಕುಡಿದಳು, ಸಕ್ಕರೆ ಕಡಿಮೆಯಾಯಿತೆಂದು ಕೇಳಿ ಹಾಕಿಸಿಕೊಂಡಳು. ಈಗ ದಿನವೂ ಮುಂಬಾಗಿಲಿನಿಂದಲೇ ಬರುತ್ತಾಳೆ. ಇಷ್ಟು ತಡವಾಯಿತಲ್ಲ ಎಂಬ ನಾಚಿಕೆ ಇದೆ. ಮನಸ್ಸು ಮಾತ್ರ ಹಗುರಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ತಲೆ ಸವರಿ ಹರಸುವ,

ಅಜ್ಜಿ ಚೂಡಾಮಣಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಸೋಮವಾರದಿಂದ ನನ್ನ ಕಥೆಯನ್ನೂ ಬರೆಯತೊಡಗಿದೆ. ನಿನ್ನ ಅಮ್ಮ ಸುಪ್ರಜಾಗೆ ಇಪ್ಪತ್ತಾರು ವರ್ಷದ ಹಿಂದೆ ಮೆಡಿಕಲ್ ಸೀಟಿನ ಕಾಗದ ಬಂದಿತ್ತು. ಗೊತ್ತು ಮಾಡಿದ್ದ ಮದುವೆ ಎಲ್ಲಿ ತಪ್ಪುತ್ತದೋ ಎಂದು ನಾನೇ ಅದನ್ನು ಬಚ್ಚಿಟ್ಟೆ. ಸೀಟು ಸಿಗಲೇ ಇಲ್ಲವೆಂದು ಅವಳು ನಂಬಿಕೊಂಡಿದ್ದಳು. ನಿನ್ನೆ ಅವಳನ್ನು ಕೂರಿಸಿಕೊಂಡು ಓದಿ ಹೇಳಿದೆ. ಹಾಳೆಯನ್ನು ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿ, "ಹಾಗಾದ್ರೆ ನಾನು ದಡ್ಡಿ ಆಗಿರ್ಲಿಲ್ಲ, ಅಲ್ವೇನಮ್ಮಾ?" ಎಂದಳು. ನಿನಗೆ ಫೋನ್ ಮಾಡುತ್ತಾಳೆ. ನನ್ನ ಪರ ಮಾತಾಡಬೇಡ. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೋ.