ಅವ್ವನನ್ನು ಹಿಂದೆ ಸರಿಸಿದ ಫೋಟೋಗ್ರಾಫರ್

ಸಿದ್ದಣ್ಣ,

ನೀನು ಗೊತ್ತುಮಾಡಿದ ಫೋಟೋಗ್ರಾಫರ್ ನನ್ನ ಮದುವೆಗೆ ಬೇಡವೆಂದು ಅವನಿಗೇ ಹೇಳಲು ಆಳಂದಕ್ಕೆ ಹೊರಟಿದ್ದೇನೆ.

ನಿಶ್ಚಿತಾರ್ಥದ ದಿನ ಅವನು, "ಮುತ್ತೈದೇರು ಅಷ್ಟ ಮುಂದ ಬರ್ರಿ. ಅವ್ವಾರ, ನೀವು ಜರಾ ಹಿಂದ ಸರೀರಿ" ಎಂದ. ಬಸವಣ್ಣನ ಪಟ ಹಾಕಿದ ಮನೆಯಲ್ಲಿ ಈ ಮಾತು! ಅವಳ ಮಗನಾದ ನೀನು ಪಕ್ಕದಲ್ಲೇ ನಿಂತು ಶಲ್ಯ ಸರಿಮಾಡಿಕೊಳ್ಳುತ್ತಿದ್ದೆ. ಅವ್ವ ಅಡುಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ. ಆಲ್ಬಮ್ಮಿನಲ್ಲಿ ಅವಳ ಒಂದೂ ಫೋಟೋ ಇಲ್ಲ.

ಅಂಥವನಿಗೆ ಡ್ರೋನ್ ಸೇರಿಸಿ ಎಂಬತ್ತು ಸಾವಿರ ಕೊಡಬೇಕೇ? ಜೇವರ್ಗಿಯಲ್ಲಿ ಗುಲನಾಜ ಎಂಬ ಹುಡುಗಿ ಮದುವೆ ಫೋಟೋ ತೆಗೆಯುತ್ತಾಳೆ. ಡ್ರೋನ್ ಇಲ್ಲ, ಮೂವತ್ತೈದಕ್ಕೆ ಒಪ್ಪಿದ್ದಾಳೆ. "ಮೊದಲ ಯಾರ ಫೋಟೋ ತೆಗೀಲ್ರಿ ಅಕ್ಕಾ?" ಎಂದು ಕೇಳಿದಳು. ಅವ್ವನದು ಎಂದೆ.

ಪಲ್ಯ ಒಲೆಯ ಮೇಲಿದೆ. ಅವ್ವ ಹೊಲದಿಂದ ಬಂದ ಕೂಡಲೇ, ಊಟಕ್ಕೆ ಕೂರುವ ಮೊದಲು, ಅಂದು ಸುಮ್ಮನಿದ್ದದ್ದು ತಪ್ಪಾಯಿತೆಂದು ಅವಳಿಗೆ ಹೇಳು. ಹೇಳುವವರೆಗೆ ನನಗೆ ಫೋನ್ ಮಾಡಬೇಡ.

ಭಾಗ್ಯಜ್ಯೋತಿ