ಮೊಮ್ಮಗಳ ಪರೀಕ್ಷೆಗೆ ಕೂತ ಅಜ್ಜಿ

ದಾವಣಗೆರೆ
೨೧೯೧ನೇ ಇಸವಿ, ವರ್ಷದ ಎರಡನೇ ಬೇಸಿಗೆ

ಹಿಂದಿನ ಕಾಲದ ಅಪ್ಪ-ಅಮ್ಮಂದಿರಿಗೆ ಶಾಂಭವಿ ಮಾಡುವ ನಮಸ್ಕಾರಗಳು.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಅಕ್ಷರವೂ ಸೊಟ್ಟ, ಮನ್ನಿಸಿ. ನಲವತ್ತು ದಾಟಿದ ಮೇಲೆ ಕದ್ದುಮುಚ್ಚಿ ಕಲಿತ ಬರವಣಿಗೆ ಇದು.

ನಮ್ಮಲ್ಲಿ ‘ಒತ್ತಾಸೆ’ ಎಂಬ ಪದ್ಧತಿಯಿದೆ. ಮಗುವಿನ ಪಾಠವನ್ನು ಹೆತ್ತವರು, ಇಲ್ಲವೇ ಮನೆಯ ಹಿರಿಯರು ಓದಬೇಕು, ಪರೀಕ್ಷೆಯನ್ನೂ ಅವರೇ ಬರೆಯಬೇಕು. ಅಂಕ ಮಾತ್ರ ಮಗುವಿನದು. ನಗಬೇಡಿ. ಶುರುಮಾಡಿದವರು ನೀವೇ. ಮಗುವನ್ನು ಆಚೆ ಕಳಿಸಿ ಥರ್ಮಾಕೋಲ್ ಕತ್ತರಿಸಿ ಸೌರವ್ಯೂಹ ಅಂಟಿಸಿದವರು, ಅದರ ಮೇಲೆ ಮಗುವಿನ ಹೆಸರು ಬರೆದವರು, ಬಹುಮಾನ ಬಂದಾಗ ಕಣ್ಣೊರೆಸಿಕೊಂಡವರು ಯಾರು? ಟೀಚರಿಗೂ ಗೊತ್ತಿತ್ತು, ಸುಮ್ಮನಿದ್ದರು. ಆಮೇಲಿನವರು ಅದನ್ನೇ ನಿಯಮ ಮಾಡಿದರು, ಅಷ್ಟೇ.

ನನ್ನಮ್ಮ ಸರ್ವಮಂಗಳಮ್ಮ ಊರಿಗೇ ಹೆಸರಾದ ಒತ್ತಾಸೆಗಾರ್ತಿ. ನನ್ನ ಬೂಟಿನ ಲೇಸ್ ಕಟ್ಟಿದಳು, ಚಿತ್ರ ಬಿಡಿಸಿದಳು, ಗಣಿತದಲ್ಲಿ ನನಗೆ ಚಿನ್ನದ ಪದಕ ತಂದುಕೊಟ್ಟಳು. ನಾನು ಯಾವುದಕ್ಕಾದರೂ ಕೈ ಹಾಕಿದರೆ, “ಬಿಡೇ, ನೀನು ಕೆಡಿಸ್ತೀಯ, ಇಲ್ಲಿ ಕೊಡು” ಎನ್ನುತ್ತಿದ್ದಳು. ಪ್ರೀತಿಯಿಂದಲೇ, ಪುಣ್ಯಾತ್ಗಿತ್ತಿ! ಇಬ್ಬರಿಗೆ ಇಷ್ಟು ಅಕ್ಕಿಯಾದರೆ ಐವರಿಗೆ ಎಷ್ಟೆಂದು ಲೆಕ್ಕ ಹಾಕಬೇಕೆಂದರೆ ಇಂದಿಗೂ ನಾನು ಅವಳ ಮುಖ ನೋಡುತ್ತೇನೆ. ಗೋಡೆಯ ಮೇಲಿನ ಆ ಪದಕ ಕಂಡರೆ ಮೈ ಉರಿಯುತ್ತದೆ.

ನನ್ನ ಮಗಳು ಇಂಚರಾಗೆ ಆರು ವರ್ಷ. ಇವತ್ತು ಅವಳ ಶಾಲೆಯ ಪ್ರವೇಶ ಪರೀಕ್ಷೆ. ಅವಳಪ್ಪನೂ ನನ್ನಂಥವನೇ, ಪದಕದವನು. ನಮ್ಮಿಬ್ಬರಲ್ಲಿ ಯಾರು ಬರೆದರೂ ಅವಳು ನಪಾಸು, ಮತ್ತೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಅದಕ್ಕೇ ಎಪ್ಪತ್ತೆಂಟರ ಅಮ್ಮ, ಕಣ್ಣಿಗೆ ಪೊರೆ ಬಂದಿದ್ದರೂ, ಮೊಮ್ಮಗಳ ಪರವಾಗಿ ಒಳಗೆ ಹೋಗಿ ಕೂತಿದ್ದಾಳೆ. ನಾನು ಗೇಟಿನಾಚೆ ನೆರಳಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ನನ್ನಂಥವರು ಇನ್ನೂ ಎಷ್ಟೋ ಜನ ಇದ್ದಾರೆ, ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಮಗುವಿನ ಪಕ್ಕದಲ್ಲಿ ಕೂರಿ, ಕತೆ ಓದಿ ಹೇಳಿ, ಅದು ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡಿ. ಅದು ಬಿಡಿಸಿದ ಕಾಗೆಗೆ ಮೂರು ಕಾಲಿದ್ದರೆ ಇರಲಿ ಬಿಡಿ. ನಿಮ್ಮ ದಮ್ಮಯ್ಯ, ಪೆನ್ಸಿಲ್ ಮಾತ್ರ ಕಿತ್ತುಕೊಳ್ಳಬೇಡಿ.

ಇಂಚರಾ ಈಗಷ್ಟೇ ನನ್ನ ಸೆರಗು ಜಗ್ಗಿ ಕೇಳಿದಳು: “ಅಮ್ಮಾ, ಅಜ್ಜಿ ಸತ್ತೋದ್ಮೇಲೆ ನನ್ನ ಪರೀಕ್ಷೆ ಯಾರು ಬರೀತಾರೆ?”

ನನ್ನ ಬಾಯಿಗೆ ಬಂದದ್ದು ಇಷ್ಟೇ: “ತಡಿ, ಅಜ್ಜಿ ಬರ್ಲಿ, ಕೇಳಿ ಹೇಳ್ತೀನಿ.”