ಜೆಲಿಂದಮ್ಮ ಎಲ್ಲಿ ಊಟ ಮಾಡಿದರು

ಅಕ್ಟೋಬರ್ ೧೪, ಬೆಳಿಗ್ಗೆ ೭
ಎರಡನೇ ರೂಮಿನ ಗೀಸರ್ ಮತ್ತೆ ಮುನಿಸಿಕೊಂಡಿದೆ. ಜರ್ಮನಿಯ ದಂಪತಿಗೆ ಬಿಸಿನೀರು ಪಾತ್ರೆಯಲ್ಲಿ ಹೊತ್ತುಕೊಟ್ಟೆ. ಮಧ್ಯಾಹ್ನ ಜೆಲಿಂದಮ್ಮ ಬರುತ್ತಾರೆ, ತ್ರಿಯೆಸ್ತೆಯಿಂದ. ಎಂಬತ್ತೊಂದು ವರ್ಷ. ಹುಟ್ಟಿದ್ದು ಇಟಲಿಯ ಇದೇ ಬೊಲೋನ್ಯಾದಲ್ಲಿ, ಮದುವೆಯಾಗಿ ಹೋದದ್ದು ಅಲ್ಲಿಗೆ. ಇಲ್ಲೀಗ ತಮ್ಮವರು ಅಂತ ಯಾರೂ ಉಳಿದಿಲ್ಲ. ವರ್ಷಕ್ಕೊಮ್ಮೆ, ನಾನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ರೂಮಿನಲ್ಲಿ ಮೂರು ರಾತ್ರಿ. ಈ ಏಪ್ರಿಲ್‌ನಲ್ಲಿ ಸಣ್ಣದಾಗಿ ಪಾರ್ಶ್ವವಾಯು ಹೊಡೆದಿತ್ತು. ಮಗ ತುಲ್ಲಿಯೋ ಕಳಿಸಲು ಒಪ್ಪಿರಲಿಲ್ಲ. "ನಾನಿದ್ದೀನಲ್ಲ, ಕಳ್ಸಿ" ಎಂದವಳು ನಾನೇ.

ಅಕ್ಟೋಬರ್ ೧೫, ಮಧ್ಯಾಹ್ನ ೨
ಎರಡೇ ನಿಮಿಷ, ಬರೆದು ಹೊರಡುತ್ತೇನೆ.
ಬೆಳಿಗ್ಗೆ ಹಾಸಿಗೆ ಬಟ್ಟೆ ಒಗೆಯುವ ಗಡಿಬಿಡಿ. ಜೆಲಿಂದಮ್ಮ ಮೂರನೇ ಸಲ ಕೇಳಿದರು: "ಇವತ್ತು ಎಲ್ಲಿ ಊಟ ಮಾಡ್ಲಿ ಮಗಳೇ?" ರೇಗಿಬಿಟ್ಟೆ. "ಊರ ತುಂಬ ಹೋಟೆಲ್ ಇದೆ, ಎಲ್ಲಾದ್ರೂ ತಿನ್ನಿ!" ಕೋಟು ಹಾಕಿಕೊಂಡು ಹೊರಟರು. ಒಂಬತ್ತು ಗಂಟೆ. ಹನ್ನೆರಡಾದರೂ ಇಲ್ಲ. ಫೋನ್ ಮಾಡಿದೆ — ಅವರ ದಿಂಬಿನ ಕೆಳಗೇ ರಿಂಗಾಯಿತು.
ಒಂದು ಗಂಟೆಗೆ ತುಲ್ಲಿಯೋ ಫೋನು. "ಅಮ್ಮ ಹೇಗಿದ್ದಾರೆ?" "ಮಲ್ಗಿದ್ದಾರೆ" ಎಂದೆ. ಯಾಕೆ ಹಾಗೆಂದೆ... ಹುಡುಕಲು ಹೊರಟೆ.

ಅದೇ ದಿನ, ಸಂಜೆ ೬
ಸಿಕ್ಕರು. ಸಿಕ್ಕರು, ದೇವರೇ.
ದೊಡ್ಡ ಚೌಕ, ಇಗರ್ಜಿ, ಅವರು ಪ್ರತಿವರ್ಷ ಕಾಫಿ ಕುಡಿಯುವ ಅಂಗಡಿ — ಎಲ್ಲೂ ಇರಲಿಲ್ಲ. ಆಸ್ಪತ್ರೆಗೂ ಫೋನ್ ಮಾಡಿದೆ. ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಅಂಗಡಿಯ ಗೋಡೆಗೆ ಒರಗಿ ನಿಂತೆ. ಒಳಗಿಂದ ಜೆಲಿಂದಮ್ಮನ ದನಿ: "ಇದೂ ಒಂದು ಮಡಚೋ ರೀತಿನೇನೇ? ಸಾರಿಗೆ ಬಿದ್ದ ಕೂಡ್ಲೇ ಬಾಯಿ ಬಿಡುತ್ತೆ!"
ಇವೋನ್ ಎಂಬವಳ ತೊರ್ತೆಲ್ಲೀನಿ ಅಂಗಡಿ — ಹೂರಣ ತುಂಬಿ ಮಡಚಿ ಸಾರಿನಲ್ಲಿ ಬೇಯಿಸುವ ಪುಟ್ಟ ಕಡುಬು. ಹಿಟ್ಟು ಚೆಲ್ಲಿದ ಉದ್ದ ಮೇಜು, ಐದು ಜನ ಹೆಂಗಸರು, ತುದಿಯಲ್ಲಿ ಜೆಲಿಂದಮ್ಮ. ಕೆನ್ನೆಗೂ ಹಿಟ್ಟು.
"ಕಿಟಕಿಯಿಂದ ನೋಡಿ ಬೈದ್ರು," ಎಂದಳು ಇವೋನ್. "ಅಷ್ಟು ಬಲ್ಲೋರು ಒಳಗೆ ಬಂದು ತೋರ್ಸಿ ಅಂದೆ. ಬಂದೇಬಿಟ್ರು! ಈಗ್ಲೇ ಕರ್ಕೊಂಡು ಹೋಗ್ಬೇಡಿ, ಇನ್ನೂ ಎರಡು ತಟ್ಟೆ ಬಾಕಿ."
ನನಗೆ ಅಳು, ನಗು ಒಟ್ಟಿಗೆ. "ಊಟ ಆಯ್ತಾ?" ಎಂದೆ.
"ಎಲ್ಲಾದ್ರೂ ತಿನ್ನಿ ಅಂದ್ಯಲ್ಲ. ಇಲ್ಲೇ ತಿಂದೆ."
ಅವರ ಎಡಗೈ ನೋಡಿದೆ. ಏಪ್ರಿಲ್‌ನಿಂದ ಬೆರಳು ಮಡಚುತ್ತಿರಲಿಲ್ಲ. ಈಗ ಹಿಟ್ಟಿನ ಚೂರಿನ ಸುತ್ತ, ನಿಧಾನವಾಗಿ, ಮಡಚುತ್ತಿದ್ದವು.

ಅಕ್ಟೋಬರ್ ೧೬
ತುಲ್ಲಿಯೋಗೆ ಎಲ್ಲ ಹೇಳಿದೆ. ನಾನಾಡಿದ ಸುಳ್ಳನ್ನೂ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. ಬೈಯಲಿಲ್ಲ. "ಮನೇಲಿ ಆ ಕೈಲಿ ಚಮಚ ಹಿಡಿಯೋಕೂ ಒಲ್ಲೆ ಅಂತಿದ್ರು," ಎಂದ. ಮೂಗು ಒರೆಸಿಕೊಂಡ ಸದ್ದು.

ಅಕ್ಟೋಬರ್ ೧೯
ಹದಿನೇಳಕ್ಕೇ ಹೊರಡಬೇಕಿತ್ತು. ಹೊರಟಿಲ್ಲ. ಬೆಳಗಾದರೆ ಇವೋನ್ ಅಂಗಡಿ. ಅವರ ರೂಮಿಗೆ ಬೇರೆಯವರು ಬಂದರು, ನನ್ನ ಮಂಚ ಬಿಟ್ಟುಕೊಟ್ಟೆ. ನಾನು ಸೋಫಾದಲ್ಲಿ. ಬೆನ್ನು ಹಿಡಿದಿದೆ. ಆದರೂ ಇಷ್ಟು ಹಗುರಾಗಿ ಎದ್ದು ಎಷ್ಟು ದಿನವಾಗಿತ್ತೋ... ಅಡುಗೆಮನೆಯಿಂದ ಕೂಗು. "ಫೆದೋರಾ, ಏನೇ ಅದು ಗೀಚ್ತಾ ಕೂತಿದ್ದೀಯ? ಸಾರು ಕುದೀತಿದೆ, ಬಾರೇ!" ಹೋಗಬೇಕು. ಇನ್ನೊಂದು ಮಾತು ಬರೆಯಬೇಕಿತ್ತು, ಅವರು ನಿನ್ನೆ ನನ್ನನ್ನು ಅಂಗಡಿಯವರಿಗೆಲ್ಲ ತೋರಿಸಿ, "ಇವ್ಳು ನಮ್ಮೋಳು" ಎಂದರು.